ಸೈನಿಕ ಆಸ್ಪತ್ರೆಯ ಹೆರಿಗೆ ವಿಭಾಗ: ಸಿಂಧನೂರು ಸೀಮೆಯ ನರ್ಸಿಂಗ್ ಹೋಮ್‌ಗಳಿಗೊಂದು ಲೆಕ್ಕಾಚಾರ

ಸಿಂಧನೂರಿನಿಂದ ಮಾನ್ವಿಯ ಮಾರ್ಗವಾಗಿ ರಾಯಚೂರಿಗೆ ಸಾಗುವ ಹೆದ್ದಾರಿಯಲ್ಲಿರುವ ಜವಳಗೇರಾ ಗ್ರಾಮವು ವ್ಯಾಪಾರಿ ವಲಯದಲ್ಲಿ ಎರಡು ಕಾರಣಗಳಿಗಾಗಿ ಪರಿಚಿತ. ಒಂದು, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತ. ಇನ್ನೊಂದು, ಕೇಂದ್ರ ಸರ್ಕಾರದ ಬೀಜೋತ್ಪಾದನಾ ಫಾರ್ಮ್. ಸೈನ್ಯಕ್ಕೂ ಈ ಊರಿಗೂ ಮೇಲ್ನೋಟಕ್ಕೆ ಯಾವ ನಂಟೂ ಕಾಣಿಸದು. ರಾಯಚೂರು ಜಿಲ್ಲೆಯಲ್ಲಿ ದಂಡುಪ್ರದೇಶವಿಲ್ಲ, ಸೈನಿಕ ಆಸ್ಪತ್ರೆಯೂ ಇಲ್ಲ. ಬೆಳಗಾವಿಯ ಮಿಲಿಟರಿ ಆಸ್ಪತ್ರೆ, ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ, ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆ, ಈ ಮೂರೂ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಹೀಗಿರುವಾಗ ಸೈನಿಕ ಆಸ್ಪತ್ರೆಗಳು ಹೆರಿಗೆ ಹಾಗೂ ಸ್ತ್ರೀ ಆರೋಗ್ಯ ಸೇವೆಗೆ ಮಹಿಳೆಯರನ್ನು ಹೇಗೆ ಆಕರ್ಷಿಸುತ್ತವೆ ಎಂಬ ವಿಚಾರ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಉದ್ದಿಮೆದಾರರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜವೇ ಆಗಿದೆ.

ಉತ್ತರಕ್ಕಾಗಿ 2003ನೇ ಇಸವಿಗೆ ಹಿಂದಿರುಗಬೇಕಾಗುತ್ತದೆ. ಆ ವರ್ಷದ ಏಪ್ರಿಲ್ 1ರಂದು ಭಾರತದಲ್ಲಿ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ, ಅಂದರೆ ಇ.ಸಿ.ಎಚ್.ಎಸ್., ಜಾರಿಗೆ ಬಂದಿತು. ಅದೇ ವರ್ಷದ ಡಿಸೆಂಬರ್ ಅಂತ್ಯದಲ್ಲಿ ಅಮೆರಿಕದಲ್ಲಿ ಸೈನಿಕರ ಪತ್ನಿಯರಿಗೆ ತಮ್ಮ ಹೆರಿಗೆಯ ಆಸ್ಪತ್ರೆಯನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ದೊರೆಯಿತು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಇಂದು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ನರ್ಸಿಂಗ್ ಹೋಮ್ ನಡೆಸುವವರೂ ಅದರಲ್ಲಿ ಬಂಡವಾಳ ಹೂಡುವವರೂ ತಿಳಿಯಬೇಕಾದ ಸಂಗತಿ ದೊರೆಯುತ್ತದೆ.

ಕಾನೂನು ಬಾಗಿಲು ತೆರೆದಾಗ

ಅಮೆರಿಕದ ಸೈನಿಕ ಆಸ್ಪತ್ರೆಗಳಲ್ಲಿ ಒಳರೋಗಿಗಳಾಗಿ ದಾಖಲಾಗುವವರ ಪೈಕಿ ಹೆರಿಗೆಗೆ ಬರುವವರದು ಬಹುಕಾಲದಿಂದ ಅತಿ ದೊಡ್ಡ ವರ್ಗ. ಯುದ್ಧದ ಗಾಯಾಳುಗಳಿಗೆಂದು ಕಟ್ಟಿದ ಆಸ್ಪತ್ರೆಗಳು ಶಾಂತಿಕಾಲದಲ್ಲಿ ಮುಖ್ಯವಾಗಿ ತೊಟ್ಟಿಲುಗಳನ್ನು ತೂಗುತ್ತವೆ ಎಂದರೆ ತಪ್ಪಾಗಲಾರದು. 2003ರವರೆಗೆ ಸೈನಿಕ ಆಸ್ಪತ್ರೆಯಿಂದ ಸುಮಾರು 40 ಮೈಲಿಗಳೊಳಗೆ ವಾಸಿಸುವ ಗರ್ಭಿಣಿಯು ಸೈನ್ಯದ ಖರ್ಚಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, 'ನಮ್ಮಲ್ಲಿ ಈ ಸೇವೆ ಲಭ್ಯವಿಲ್ಲ' ಎಂಬ ಪ್ರಮಾಣಪತ್ರವನ್ನು ಆ ಸೈನಿಕ ಆಸ್ಪತ್ರೆಯಿಂದಲೇ ಪಡೆಯಬೇಕಿತ್ತು. ತನ್ನ ಗಿರಾಕಿ ಹೊರಗೆ ಹೋಗಲು ತಾನೇ ಪರವಾನಗಿ ಕೊಡುವ ಇಂಥ ಸೌಲಭ್ಯ ಯಾವ ಅಂಗಡಿಗಿದೆ? 2002ನೇ ಆರ್ಥಿಕ ವರ್ಷದ ರಕ್ಷಣಾ ಕಾಯಿದೆಯ ಮೂಲಕ ಸಂಸತ್ತು ಹೆರಿಗೆಗೆ ಸಂಬಂಧಿಸಿದಂತೆ ಈ ನಿಯಮವನ್ನು ರದ್ದುಪಡಿಸಿತು. ಸಿದ್ಧತೆಗೆ ಎರಡು ವರ್ಷಗಳ ಕಾಲಾವಕಾಶವಿತ್ತು.

ಆ ಎರಡು ವರ್ಷಗಳಲ್ಲಿ ಸೈನಿಕ ವೈದ್ಯಕೀಯ ಇಲಾಖೆಯು ತನ್ನ ಗಿರಾಕಿಗಳು ಯಾರು, ಅವರಿಗೆ ಏನು ಬೇಕು ಎಂದು ವಿಚಾರಿಸತೊಡಗಿತು. ದೂರುಗಳು ವೈದ್ಯರ ನೈಪುಣ್ಯದ ಬಗ್ಗೆ ಅಷ್ಟಾಗಿ ಇರಲಿಲ್ಲ. ಪ್ರತಿ ತಪಾಸಣೆಗೂ ಬೇರೆ ಬೇರೆ ವೈದ್ಯರು ಬರುತ್ತಾರೆ, ಕೊಠಡಿಯನ್ನು ಇತರರೊಡನೆ ಹಂಚಿಕೊಳ್ಳಬೇಕು, ಪತಿ ಜೊತೆಯಲ್ಲಿ ಉಳಿಯಲು ಅನುಕೂಲವಿಲ್ಲ, ಫೋನ್ ಮಾಡಿದರೆ ಸಮಯ ನಿಗದಿಯಾಗುವುದಿಲ್ಲ ಎಂಬಂಥ ದೂರುಗಳೇ ಮುಖ್ಯವಾಗಿದ್ದವು. ಭೂಸೇನೆ, ನೌಕಾಪಡೆ, ವಾಯುಪಡೆಗಳು 'ಕುಟುಂಬ ಕೇಂದ್ರಿತ ಆರೈಕೆ' ಎಂಬ ಹೆಸರಿನಲ್ಲಿ ಕಾರ್ಯಕ್ರಮ ಆರಂಭಿಸಿದವು. ವಾರ್ಡುಗಳನ್ನು ಒಡೆದು ಪ್ರತ್ಯೇಕ ಕೊಠಡಿಗಳಾಗಿ ಮಾರ್ಪಡಿಸುವುದು, ಒಬ್ಬ ಗರ್ಭಿಣಿಗೆ ಆದಷ್ಟೂ ಒಂದೇ ವೈದ್ಯರ ತಂಡವನ್ನು ಒದಗಿಸುವುದು, ಮಗುವನ್ನು ತಾಯಿಯ ಪಕ್ಕದಲ್ಲಿಯೇ ಇರಿಸುವುದು ಅದರ ಮುಖ್ಯ ಅಂಶಗಳಾಗಿದ್ದವು. ಕರಪತ್ರಗಳೂ, ಹೆರಿಗೆ ವಿಭಾಗವನ್ನು ಮುಂಚಿತವಾಗಿ ತೋರಿಸುವ ಪ್ರವಾಸಗಳೂ ಅದರ ಹಿಂದೆಯೇ ಬಂದವು. ಗಮನಿಸಬೇಕಾದದ್ದು ಕ್ರಮವನ್ನು: ಮೊದಲು ಕೊಠಡಿ, ಆನಂತರ ಕರಪತ್ರ.

ಸರ್ಕಾರದ ಹಣದಲ್ಲಿ ನಡೆಯುವ, ಗಿರಾಕಿಯಿಂದ ಬಿಡಿಗಾಸೂ ಪಡೆಯದ ಆಸ್ಪತ್ರೆಗೆ ಒಂದಷ್ಟು ಮಹಿಳೆಯರು ಹೊರಗೆ ಹೋದರೆ ಹೊರೆ ಕಡಿಮೆಯಾಯಿತೆಂದು ಸಂತೋಷಪಡಬೇಕಲ್ಲವೇ? ಇಲ್ಲಿಯೇ ವೆಚ್ಚಶಾಸ್ತ್ರದ ಪ್ರಾಥಮಿಕ ಪಾಠ ಉಪಯೋಗಕ್ಕೆ ಬರುತ್ತದೆ. ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಆಸ್ಪತ್ರೆಯನ್ನು ಭಾವಿಸಿಕೊಳ್ಳೋಣ. ಅದರ ಹೆರಿಗೆ ವಿಭಾಗದ ವಾರ್ಷಿಕ ಸ್ಥಿರ ವೆಚ್ಚ, ಅಂದರೆ ವೈದ್ಯರು, ದಾದಿಯರು, ಅರಿವಳಿಕೆ ತಜ್ಞರು, ಕಟ್ಟಡ, ಉಪಕರಣ ಎಲ್ಲ ಸೇರಿ ರೂ. 1.20 ಕೋಟಿ. ವರ್ಷಕ್ಕೆ 600 ಹೆರಿಗೆಗಳು. ಪ್ರತಿ ಹೆರಿಗೆಗೆ ಔಷಧಿ, ಆಹಾರ, ಬಟ್ಟೆ ಇತ್ಯಾದಿ ಚರ ವೆಚ್ಚ ರೂ. 5,000. ಇವರಲ್ಲಿ 200 ಮಂದಿ ಹೊರಗೆ ಹೋದರೆಂದೂ ತಲಾ ರೂ. 30,000 ಬಿಲ್ಲನ್ನು ಸರ್ಕಾರವೇ ತೆರಬೇಕೆಂದೂ ಇಟ್ಟುಕೊಂಡರೆ, ಹೊರಗಿನ ಬಿಲ್ಲು ರೂ. 60 ಲಕ್ಷವಾಗುತ್ತದೆ. ಉಳಿತಾಯವಾಗುವುದು ಚರ ವೆಚ್ಚದ ರೂ. 10 ಲಕ್ಷ ಮಾತ್ರ. ಸ್ಥಿರ ವೆಚ್ಚವು ಒಂದು ರೂಪಾಯಿಯೂ ಇಳಿಯುವುದಿಲ್ಲ, ಹೆರಿಗೆಯೊಂದಕ್ಕೆ ರೂ. 20,000 ಇದ್ದದ್ದು ರೂ. 30,000ಕ್ಕೆ ಏರುತ್ತದೆ. ಬೊಕ್ಕಸಕ್ಕೆ ನಿವ್ವಳ ನಷ್ಟ ರೂ. 50 ಲಕ್ಷ. ಉಚಿತವಾಗಿ ಸೇವೆ ನೀಡುವವನಿಗೂ ಗಿರಾಕಿ ಬೇಕಾಗುವುದು ಈ ಕಾರಣದಿಂದ.

ಹಣದಾಚೆಗೂ ಒಂದು ನಷ್ಟವಿದೆ. ಹೆರಿಗೆಯ ಸಂಖ್ಯೆ ಇಳಿದರೆ ಶಸ್ತ್ರಚಿಕಿತ್ಸಾ ತಂಡದ ಕೈ ತುಕ್ಕು ಹಿಡಿಯುತ್ತದೆ, ರಕ್ತನಿಧಿ ನಿಷ್ಕ್ರಿಯವಾಗುತ್ತದೆ, ಕಿರಿಯ ವೈದ್ಯರ ತರಬೇತಿ ಕುಂಠಿತವಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಕೆಲವು ಸಣ್ಣ ಸೈನಿಕ ನೆಲೆಗಳಲ್ಲಿ ಹೆರಿಗೆ ವಿಭಾಗಗಳನ್ನು ಮುಚ್ಚಲಾಗಿದೆ. ಮಹಿಳೆ ಹೆರಿಗೆಗೆ ಯಾವ ಆಸ್ಪತ್ರೆಯನ್ನು ನಂಬುತ್ತಾಳೋ ಮುಂದೆ ಮಗುವಿನ ಜ್ವರಕ್ಕೂ ಅತ್ತೆಯ ಮಂಡಿನೋವಿಗೂ ಅಲ್ಲಿಗೇ ಬರುತ್ತಾಳೆಂಬುದು ಆಸ್ಪತ್ರೆ ವ್ಯವಹಾರದಲ್ಲಿರುವ ಎಲ್ಲರೂ ಬಲ್ಲ ವಿಷಯ.

ತವರುಮನೆ ಎಂಬ ಪ್ರತಿಸ್ಪರ್ಧಿ

ಭಾರತದ ಸೈನಿಕ ಆಸ್ಪತ್ರೆಗಳಲ್ಲಿಯೂ ಸೇವೆಯಲ್ಲಿರುವ ಯೋಧರ ಕುಟುಂಬಗಳಿಗೆ ಹೆರಿಗೆ ಸೌಲಭ್ಯ ಉಚಿತವಾಗಿದೆ. ಆದರೆ ಇಲ್ಲಿ ಅವುಗಳಿಗೆ ಇರುವ ನಿಜವಾದ ಪ್ರತಿಸ್ಪರ್ಧಿ ಯಾವುದೇ ಕಾರ್ಪೊರೇಟ್ ಆಸ್ಪತ್ರೆಯಲ್ಲ, ಹೆಂಡತಿಯ ತವರುಮನೆ. ಪಠಾಣ್‌ಕೋಟ್‌ನಲ್ಲಿಯೋ ಜೋಧಪುರದಲ್ಲಿಯೋ ಪತಿಯೊಡನೆ ವಾಸಿಸುವ ಜವಳಗೇರಾ ಕಡೆಯ ಹೆಣ್ಣುಮಗಳು ಏಳನೆಯ ತಿಂಗಳಿನವರೆಗೆ ಅಲ್ಲಿನ ಸೈನಿಕ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು, ಕುಬುಸದ ಕಾರ್ಯಕ್ಕೆ ಊರಿಗೆ ಬರುತ್ತಾಳೆ. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ಈ ಭಾಗದ ಅಲಿಖಿತ ಶಾಸನ. ಬಾಣಂತನ ಮಾಡುವವಳು ತಾಯಿ. ಎರೆಯುವ ಬಿಸಿನೀರು, ಕಟ್ಟುವ ಕುಂಚಿಗೆ, ಅಳವಿಯ ಪಾಯಸ, ಅಂಟಿನುಂಡಿ ಇವು ಯಾವ ಸೈನಿಕ ಆಸ್ಪತ್ರೆಯ ಪಟ್ಟಿಯಲ್ಲಿಯೂ ದೊರೆಯುವುದಿಲ್ಲ.

ಹೀಗೆ ಬಂದವಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆದ ದಪ್ಪ ಕಡತವಿರುತ್ತದೆ, ಆದರೆ ಇಲ್ಲಿನ ತಾಯಿ ಕಾರ್ಡ್ ಇರುವುದಿಲ್ಲ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರಿರುವುದಿಲ್ಲ. ನರ್ಸಿಂಗ್ ಹೋಮ್‌ನಲ್ಲಿ ಮತ್ತೆ ಎಲ್ಲ ರಕ್ತಪರೀಕ್ಷೆಗಳೂ ಮೊದಲಿನಿಂದ ಆರಂಭವಾಗುತ್ತವೆ. ಸಾಮಾನ್ಯವಾಗಿ ತುರ್ತು ಸಂದರ್ಭ ಅಥವಾ ಅಧಿಕೃತ ಶಿಫಾರಸು ಇಲ್ಲದೆ ಖಾಸಗಿ ಆಸ್ಪತ್ರೆಯ ವೆಚ್ಚ ಸೈನ್ಯದಿಂದ ಮರುಪಾವತಿಯಾಗುವುದಿಲ್ಲವಾದ್ದರಿಂದ, ಎಲ್ಲವೂ ಉಚಿತವಾಗಿದ್ದ ಕುಟುಂಬ ತವರಿಗೆ ಬಂದ ದಿನದಿಂದ ತನ್ನ ಜೇಬಿನ ಹಣ ತೆರುತ್ತದೆ. ಆ ತಂದೆ ಒಂದು ಫಸಲಿನ ಭತ್ತದ ಹಣವನ್ನು ಮಗಳ ಹೆರಿಗೆಗೆಂದು ತೆಗೆದಿಟ್ಟಿರುತ್ತಾನೆ. ಸಿಸೇರಿಯನ್ ಆದರೆ ಬಿಲ್ಲು ಎಷ್ಟಾಗಬಹುದೆಂದು ಅವನಿಗೆ ಮೊದಲೇ ಯಾರೂ ಹೇಳಿರುವುದಿಲ್ಲ.

ಈ ಸೀಮೆಯ ಯೋಧರ ಸಂಖ್ಯೆ ಕೊಡಗಿನಷ್ಟಾಗಲೀ ಬೆಳಗಾವಿಯಷ್ಟಾಗಲೀ ಇಲ್ಲ ಎಂಬುದನ್ನು ಒಪ್ಪಲೇಬೇಕು. ಅವರೊಬ್ಬರನ್ನೇ ನಂಬಿ ಯಾರೂ ಆಸ್ಪತ್ರೆ ಕಟ್ಟಲಾಗದು. ಆದರೆ ಯೋಧನ ಪತ್ನಿಗೆ ಬೇಕಾದದ್ದೇ ಬೆಂಗಳೂರಿನಿಂದ ತವರಿಗೆ ಬರುವ ಕಟ್ಟಡ ಕಾರ್ಮಿಕನ ಪತ್ನಿಗೂ, ಹೈದರಾಬಾದಿನ ಸಾಫ್ಟ್‌ವೇರ್ ಉದ್ಯೋಗಿಯ ಪತ್ನಿಗೂ ಬೇಕಾಗಿದೆ. ಏಳನೆಯ ತಿಂಗಳಲ್ಲಿ ಬೇರೆಡೆಯ ಕಡತದೊಡನೆ ಬರುವ ಗರ್ಭಿಣಿ ಈ ತಾಲ್ಲೂಕುಗಳ ನಿತ್ಯದ ಗಿರಾಕಿ.

ಕಾರ್ಡ್ ಇದ್ದರೂ ದೂರವಾದ ಸೇವೆ

ಇ.ಸಿ.ಎಚ್.ಎಸ್. ವಿಷಯ ಸ್ವಲ್ಪ ಬೇರೆ. ಸಿಪಾಯಿಯಾಗಿ ಸೇರಿದವರು ಸಾಮಾನ್ಯವಾಗಿ 15ರಿಂದ 20 ವರ್ಷಗಳ ಸೇವೆಯ ನಂತರ, ಇನ್ನೂ 40ರ ಆಸುಪಾಸಿನಲ್ಲಿರುವಾಗಲೇ ನಿವೃತ್ತರಾಗಿ ಊರಿಗೆ ಮರಳುತ್ತಾರೆ. ಆ ವೇಳೆಗೆ ಪತ್ನಿಗೆ ಹೆರಿಗೆಯ ವಯಸ್ಸು ಬಹುಮಟ್ಟಿಗೆ ಮುಗಿದು, ಮುಟ್ಟಿನ ತೊಂದರೆ, ರಕ್ತಹೀನತೆ, ಥೈರಾಯ್ಡ್, ಗರ್ಭಕೋಶದ ಗಡ್ಡೆ, ಕ್ಯಾನ್ಸರ್ ತಪಾಸಣೆಗಳ ವಯಸ್ಸು ಆರಂಭವಾಗಿರುತ್ತದೆ. ಅವಲಂಬಿತ ತಾಯಿ ಹಾಗೂ ಅವಿವಾಹಿತ ಪುತ್ರಿಯರೂ ನಿಯಮಗಳಿಗೆ ಒಳಪಟ್ಟು ಯೋಜನೆಯ ವ್ಯಾಪ್ತಿಗೆ ಬರುತ್ತಾರೆ. ಅಂದರೆ ಒಂದು ಕಾರ್ಡಿನ ಹಿಂದೆ ಮೂರು ತಲೆಮಾರಿನ ಸ್ತ್ರೀಯರು ಇರಬಹುದು.

ಈ ವರ್ಗದ ಸೇವೆಯನ್ನು ನಮ್ಮ ಮಾರುಕಟ್ಟೆ ಬಹುತೇಕ ಮರೆತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರಿನ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇ. 2ಕ್ಕಿಂತ ಕಡಿಮೆ. ಅಧಿಕ ರಕ್ತಸ್ರಾವವೆಂದು ಬಂದವಳಿಗೆ ಗರ್ಭಕೋಶ ತೆಗೆಸುವುದೇ ಮೊದಲ ಪರಿಹಾರವೆಂದು ಹೇಳುವ ಅಭ್ಯಾಸ ಆಸ್ಪತ್ರೆಯ ಆದಾಯಕ್ಕೆ ತಾತ್ಕಾಲಿಕವಾಗಿ ಒಳ್ಳೆಯದಿರಬಹುದು. ಮುಂದಿನ 20 ವರ್ಷಗಳ ಗಿರಾಕಿಯನ್ನು ಒಂದೇ ಬಿಲ್ಲಿಗೆ ಮಾರಿಕೊಂಡಂತೆ ಅದು.

ಪಾಲಿಕ್ಲಿನಿಕ್‌ಗಳು ಸಾಮಾನ್ಯವಾಗಿ ಜಿಲ್ಲಾ ಕೇಂದ್ರಗಳಲ್ಲಿ ಅಥವಾ ಸೈನಿಕ ಠಾಣೆಗಳಿರುವ ಊರುಗಳಲ್ಲಿವೆ. ತುರ್ತು ಸಂದರ್ಭಗಳನ್ನು ಬಿಟ್ಟರೆ ಮೊದಲು ಅಲ್ಲಿಗೆ ಹೋಗಿ ಶಿಫಾರಸು ಪತ್ರ ಪಡೆದು, ಬಳಿಕ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಜವಳಗೇರಾದ ಮಹಿಳೆ ಮುಟ್ಟಿನ ತೊಂದರೆಗೆಂದು ಒಂದು ದಿನದ ಕೂಲಿ ಅಥವಾ ಮನೆಗೆಲಸ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಬಸ್ಸಿನಲ್ಲಿ ಎರಡು ಬಾರಿ ಹೋಗಿಬರುವಳೇ? ಉಚಿತ ಸೇವೆಯ ನಿಜವಾದ ಬೆಲೆ ಬಸ್ ಚಾರ್ಜು ಮತ್ತು ಕಳೆದುಹೋದ ದಿನ. ಆ ಬೆಲೆ ಹೆಚ್ಚಾದಾಗ ಅವಳು ಊರಿನ ಔಷಧಿ ಅಂಗಡಿಯ ಮಾತ್ರೆಯಲ್ಲಿ ದಿನ ದೂಡುತ್ತಾಳೆ.

ತಾಲ್ಲೂಕು ಕೇಂದ್ರದ ಆಸ್ಪತ್ರೆಯೊಂದು ಇ.ಸಿ.ಎಚ್.ಎಸ್. ನೋಂದಣಿ ಪಡೆದರೆ ಈ ದೂರ ಅರ್ಧವಾದರೂ ಕಡಿಮೆಯಾಗುತ್ತದೆ. ಆದರೆ ಅರ್ಜಿ ಹಾಕುವ ಮುನ್ನ ಲೆಕ್ಕ ನೋಡುವುದು ಒಳಿತು. ದರಗಳು ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯಾದ ಸಿ.ಜಿ.ಎಚ್.ಎಸ್. ದರಪಟ್ಟಿಯನ್ನು ಅನುಸರಿಸುತ್ತವೆ, ಸುಮಾರು ಒಂದು ದಶಕದ ನಂತರ 2025ರ ಅಕ್ಟೋಬರಿನಲ್ಲಿ ಸಿ.ಜಿ.ಎಚ್.ಎಸ್. ದರಗಳು ವ್ಯಾಪಕವಾಗಿ ಪರಿಷ್ಕೃತವಾದವು. ಎನ್.ಎ.ಬಿ.ಎಚ್. ಮಾನ್ಯತೆ ಇಲ್ಲದ ಆಸ್ಪತ್ರೆಗೆ ದರ ಶೇ. 15ರಷ್ಟು ಕಡಿಮೆ. ಮಾನ್ಯತೆಗಾಗಿ ಮಾಡುವ ಖರ್ಚನ್ನು ಈ ವ್ಯತ್ಯಾಸದೊಡನೆ ತುಲನೆ ಮಾಡಿಯೇ ನಿರ್ಧರಿಸಬೇಕು. ಇನ್ನು ಹಣ ಕೈಸೇರುವ ವಿಳಂಬ ಎಲ್ಲರಿಗೂ ತಿಳಿದದ್ದೇ. ಲೆವಿ ಪದ್ಧತಿ ಇದ್ದ ಕಾಲದಲ್ಲಿ ಸರ್ಕಾರಕ್ಕೆ ಅಕ್ಕಿ ಕೊಟ್ಟು ಹಣಕ್ಕಾಗಿ ಕಾದ ಮಿಲ್ ಮಾಲೀಕರಿಗೆ ದುಡಿಯುವ ಬಂಡವಾಳದ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಸರ್ಕಾರಿ ಯೋಜನೆಗಳ ಬಾಕಿ ಒಟ್ಟು ವಹಿವಾಟಿನ ಎಷ್ಟು ಭಾಗದವರೆಗೆ ತಾಳಿಕೊಳ್ಳಬಹುದೆಂದು ಮೊದಲೇ ಮಿತಿ ಹಾಕಿಕೊಳ್ಳದ ಆಸ್ಪತ್ರೆ, ಕೊನೆಗೆ ಕಾರ್ಡ್ ತಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಹಾಗೆ ನಿಲ್ಲಿಸುವುದಕ್ಕಿಂತ ನೋಂದಣಿಯೇ ಬೇಡ.

ಫಲಕ ಹಾಕಿದರೆ ಸಾಲದು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಗಳಲ್ಲಾಗುವ ಹೆರಿಗೆಯ ಪ್ರಮಾಣ 2005-06ರಲ್ಲಿ ಸುಮಾರು ಶೇ. 65 ಇದ್ದದ್ದು 2019-21ರ ವೇಳೆಗೆ ಶೇ. 97ಕ್ಕೆ ಏರಿತು. 2005ರ ಜನನಿ ಸುರಕ್ಷಾ ಯೋಜನೆ, ಆನಂತರದ ಮಡಿಲು ಕಿಟ್, 2008ರಿಂದ 108 ಆಂಬುಲೆನ್ಸ್, ಖಾಸಗಿ ಆಸ್ಪತ್ರೆಗಳನ್ನೂ ಒಳಗೊಂಡ ತಾಯಿ ಭಾಗ್ಯ ಇವೆಲ್ಲ ಇದಕ್ಕೆ ಕಾರಣವಾದವು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಮಾರುಕಟ್ಟೆ ಪೂರ್ತಿಯಾಗಿ ತುಂಬಿದೆ. ನರ್ಸಿಂಗ್ ಹೋಮ್‌ಗೆ ಈಗ ಸ್ಪರ್ಧೆ ಸೂಲಗಿತ್ತಿಯೊಡನೆ ಅಲ್ಲ, ಎದುರು ರಸ್ತೆಯ ಇನ್ನೊಂದು ನರ್ಸಿಂಗ್ ಹೋಮ್‌ನೊಡನೆ ಮತ್ತು ಸರ್ಕಾರಿ ತಾಲ್ಲೂಕು ಆಸ್ಪತ್ರೆಯೊಡನೆ.

ಇಂಥ ಸ್ಪರ್ಧೆಯಲ್ಲಿ ಸುಲಭವಾಗಿ ಹೊಳೆಯುವ ದಾರಿ ಎರಡು: ದೊಡ್ಡ ಫ್ಲೆಕ್ಸ್ ಹಾಗೂ ಕಮಿಷನ್. ವೈದ್ಯರು ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದನ್ನೂ, ರೋಗಿಯನ್ನು ಕಳುಹಿಸಿದವರಿಗೆ ಕಮಿಷನ್ ನೀಡುವುದನ್ನೂ ವೈದ್ಯಕೀಯ ಪರಿಷತ್ತಿನ 2002ರ ನೀತಿ ಸಂಹಿತೆ ನಿಷೇಧಿಸುತ್ತದೆ. ಭ್ರೂಣಲಿಂಗ ಪತ್ತೆಯ ಬಗ್ಗೆ ಪರೋಕ್ಷ ಸೂಚನೆ ಇರುವ ಜಾಹೀರಾತೂ 1994ರ ಕಾಯಿದೆಯಂತೆ ಶಿಕ್ಷಾರ್ಹ. ಇವುಗಳ ಹೊರತಾಗಿಯೂ ಕಮಿಷನ್ ಕೆಟ್ಟ ವ್ಯವಹಾರ: ಹಳ್ಳಿಯ ವೈದ್ಯನಿಗೋ ವಾಹನ ಚಾಲಕನಿಗೋ ಕೊಟ್ಟ ಮೊತ್ತ ಬಾಣಂತಿಯ ಬಿಲ್ಲಿನಲ್ಲಿಯೇ ಸೇರಬೇಕಾಗುತ್ತದೆ, ನಾಳೆ ಹೆಚ್ಚು ಕೊಡುವವರ ಕಡೆಗೆ ವಾಹನ ತಿರುಗುತ್ತದೆ.

ಅಮೆರಿಕದ ಸೈನಿಕ ಆಸ್ಪತ್ರೆಗಳಿಗೆ ಕಾನೂನು ಕಲಿಸಿದ ಪಾಠವನ್ನು ಇಲ್ಲಿ ಅಗ್ಗದಲ್ಲಿ ಕಲಿಯಬಹುದು. ಪ್ರತ್ಯೇಕ ಕೊಠಡಿ ಕಟ್ಟಲು ಲಕ್ಷಗಟ್ಟಲೆ ಬೇಕು. ಆದರೆ ಹೆರಿಗೆ ಕೋಣೆಯಲ್ಲಿ ಮಂಚಗಳ ನಡುವೆ ಪರದೆ ಹಾಕಲು, ತಾಯಿಗೆ ಮಲಗಲು ಒಂದು ಬೆಂಚು ಹಾಕಲು, ದಿನವಿಡೀ ಬಿಸಿನೀರು ಸಿಗುವಂತೆ ಸೋಲಾರ್ ಹೀಟರ್ ಕೂಡಿಸಲು ಅಷ್ಟು ಬೇಕಾಗಿಲ್ಲ. ರಾಯಚೂರಿನ ಬಿಸಿಲಿಗೆ ಹೀಟರಿನ ಬಂಡವಾಳ ಬೇಗನೆ ಮರಳುತ್ತದೆ. ಬಾಣಂತಿಗೆ ಬಿಸಿನೀರು ಹೊರಗಿನ ಹೋಟೆಲಿನಿಂದ ಬಕೆಟ್ಟಿನಲ್ಲಿ ತರಿಸುವ ಆಸ್ಪತ್ರೆಯ ಬಗ್ಗೆ ಆಕೆಯ ತಾಯಿ ಊರಿನಲ್ಲಿ ಏನು ಹೇಳುತ್ತಾಳೆಂಬುದನ್ನು ಯಾವ ಫ್ಲೆಕ್ಸೂ ಅಳಿಸಲಾರದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ದರಪಟ್ಟಿಯನ್ನು ಹೇಗೂ ಪ್ರದರ್ಶಿಸಲೇಬೇಕು. ಅದನ್ನು ಕ್ಯಾಷ್ ಕೌಂಟರಿನ ಹಿಂದೆ ಮೂಲೆಯಲ್ಲಿ ತೂಗುಹಾಕುವ ಬದಲು, ಸಹಜ ಹೆರಿಗೆಗೆ ಇಷ್ಟು, ಸಿಸೇರಿಯನ್‌ಗೆ ಇಷ್ಟು, ಮಗುವಿಗೆ ಪ್ರತ್ಯೇಕ ಚಿಕಿತ್ಸೆ ಬೇಕಾದರೆ ದಿನಕ್ಕೆ ಇಷ್ಟು ಎಂದು ಏಳನೆಯ ತಿಂಗಳಿನಲ್ಲಿಯೇ ಕನ್ನಡದಲ್ಲಿ ಬರೆದುಕೊಟ್ಟರೆ, ಭತ್ತ ಮಾರಿ ಹಣ ಕೂಡಿಟ್ಟ ತಂದೆ ಬೇರೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಸಿಸೇರಿಯನ್ ವಿಚಾರ ಇಲ್ಲಿ ಎತ್ತದೆ ಗತ್ಯಂತರವಿಲ್ಲ. 2019-21ರ ಸಮೀಕ್ಷೆಯಂತೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕೂ ಹೆಚ್ಚು ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಲುಭಾಗಕ್ಕೂ ಕಡಿಮೆ. ಈ ಅಂತರಕ್ಕೆ ವೈದ್ಯಕೀಯ ಕಾರಣಗಳೂ ಇರಬಹುದು, ಕುಟುಂಬಗಳ ಮುಹೂರ್ತದ ಹಂಬಲವೂ ಇರಬಹುದು. ಆದರೆ ಗಿರಾಕಿಯ ಮನಸ್ಸಿನಲ್ಲಿ ಅದು ಅನುಮಾನವಾಗಿಯೇ ಉಳಿದಿದೆ. ತನ್ನ ಸಿಸೇರಿಯನ್ ಪ್ರಮಾಣವನ್ನು ತಾನೇ ಪ್ರಕಟಿಸುವ ಧೈರ್ಯ ಮಾಡುವ ನರ್ಸಿಂಗ್ ಹೋಮ್‌ಗೆ ಈ ಮೂರು ತಾಲ್ಲೂಕುಗಳಲ್ಲಿ ಬೇರೆ ಜಾಹೀರಾತು ಬೇಕಾಗದು. ಅದಕ್ಕೆ ಮೊದಲು ಪ್ರಮಾಣ ಪ್ರಕಟಿಸುವಂತಿರಬೇಕು, ಅಷ್ಟೆ.

2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಸಾಲಾಗಿ ಮೃತಪಟ್ಟ ಘಟನೆ ಈ ಭಾಗದ ಜನರಿಗೆ ಮರೆತಿಲ್ಲ. ರಕ್ತನಾಳದ ಮೂಲಕ ಕೊಡುವ ಗ್ಲೂಕೋಸ್ ರೀತಿಯ ದ್ರಾವಣದ ಗುಣಮಟ್ಟದ ಬಗ್ಗೆ ಅನುಮಾನ ಎದ್ದು, ಅದರ ಬಳಕೆಯನ್ನು ರಾಜ್ಯ ಸರ್ಕಾರ ತಡೆಹಿಡಿಯಿತು. ಔಷಧಿ ಖರೀದಿಯಲ್ಲಿ ಬ್ಯಾಚ್ ಸಂಖ್ಯೆ, ಪರೀಕ್ಷಾ ವರದಿ, ದಾಸ್ತಾನು ಪುಸ್ತಕಗಳು ಲೆಕ್ಕಪರಿಶೋಧಕರನ್ನು ತೃಪ್ತಿಪಡಿಸುವ ಕಾಗದಗಳೆಂದು ಭಾವಿಸುವ ಆಡಳಿತ ಮಂಡಳಿಗಳು ಆ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಬಾಟಲಿಗೆ ಎರಡು ರೂಪಾಯಿ ಉಳಿಸಿದ ಖರೀದಿ ಆದೇಶದ ಮೇಲೆ ಸಹಿ ಯಾರದ್ದೆಂಬುದು ಅಂಥ ದಿನ ಮಾತ್ರ ಕಾಣಿಸುತ್ತದೆ.

ಸೈನ್ಯದೊಳಗಿನ ಸ್ಥಿತಿಯೂ ಬದಲಾಗುತ್ತಿದೆ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಲ್ಲಿ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದಿತು. 2023ರ ನವೆಂಬರಿನಲ್ಲಿ ಅಧಿಕಾರಿಗಳಿಗಿರುವಂತೆಯೇ ಮಹಿಳಾ ಸೈನಿಕರಿಗೂ ಹೆರಿಗೆ ರಜೆ, ಶಿಶುಪಾಲನಾ ರಜೆಗಳನ್ನು ವಿಸ್ತರಿಸಲು ರಕ್ಷಣಾ ಸಚಿವರು ಅನುಮೋದನೆ ನೀಡಿದರು. ಇನ್ನು ಮುಂದೆ ಸೈನಿಕ ಆಸ್ಪತ್ರೆಯ ಹೆರಿಗೆ ಕೋಣೆಗೆ ಬರುವವಳು ಸೈನಿಕನ ಪತ್ನಿಯೇ ಆಗಿರಬೇಕಿಲ್ಲ, ಸ್ವತಃ ಸೈನಿಕಳೇ ಆಗಿರಬಹುದು. ಮತ್ತೊಂದು ಕಡೆ, 2022ರ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಗಳಿಗೆ ಸೇರಿ ಮರಳುವ ಅಗ್ನಿವೀರರಿಗೆ ಇ.ಸಿ.ಎಚ್.ಎಸ್. ಸೌಲಭ್ಯವಿಲ್ಲ. ಮದುವೆಯ ವಯಸ್ಸಿನಲ್ಲಿಯೇ ಊರಿಗೆ ಬರುವ ಆ ತರುಣರ ಕುಟುಂಬಗಳು ಕಾರ್ಡ್ ಇಲ್ಲದೆಯೇ ಇಲ್ಲಿನ ಆಸ್ಪತ್ರೆಗಳ ಮುಂದೆ ನಿಲ್ಲಲಿವೆ. ಸೇವಾನಿಧಿಯಾಗಿ ಬಂದ ಮೊತ್ತದಿಂದಲೇ ಮೊದಲ ಹೆರಿಗೆಯ ಬಿಲ್ಲು ಪಾವತಿಯಾಗಬೇಕು.

ಆಸ್ಪತ್ರೆಗಳನ್ನು ನಡೆಸುವ ಸದಸ್ಯರು ಈ ತಿಂಗಳೇ ಆರಂಭಿಸಬಹುದಾದ ಒಂದು ಸಣ್ಣ ಕೆಲಸವಿದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಖಾಸಗಿ ತಜ್ಞರೂ ಸ್ವಯಂಸೇವಕರಾಗಿ ಪಾಲ್ಗೊಳ್ಳಲು ಅವಕಾಶವಿದೆ. ಸಿಂಧನೂರಿನ ಸ್ತ್ರೀರೋಗ ತಜ್ಞೆಯೊಬ್ಬರು ಆ ದಿನದ ಬೆಳಗ್ಗೆ ಎರಡು ಗಂಟೆಗಳ ಕಾಲ ಜವಳಗೇರಾದಂಥ ಊರಿನಲ್ಲಿ ಕುಳಿತರೆ, ಬೇರೆ ಊರಿನ ಕಡತದೊಡನೆ ತವರಿಗೆ ಬಂದ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಎಷ್ಟು ಮಂದಿಯ ಹೆಸರು ತಾಯಿ ಕಾರ್ಡಿಗೆ ಏರಿಲ್ಲ ಎಂಬುದು ಮಧ್ಯಾಹ್ನದ ಬಸ್ಸಿಗೆ ಮೊದಲೇ ತಿಳಿದುಬರುತ್ತದೆ.